ಮಾರ್ಕ್ವಿ ಕೊಟ್ಟ ಉತ್ತರ

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥದ್ದನ್ನೆಲ್ಲ ನಂಬುವ ಪೈಕಿಯವನಲ್ಲ. ವಿಲೆ ಪಾರ್ಲೆಯ ಒಂದು ಕಾಲೇಜಿನಲ್ಲಿ ಕೂದಲು ಬೆಳ್ಳಗಾಗುವವರೆಗೆ ಚರಿತ್ರೆ ಪಾಠ ಮಾಡಿದವನು. ದಾಖಲೆ ಇಲ್ಲದಿದ್ದರೆ ನನ್ನ ಮುತ್ತಜ್ಜ ಇದ್ದನೆಂಬುದನ್ನು ಒಪ್ಪಲಿಕ್ಕೂ ಹಿಂದೆಮುಂದೆ ನೋಡುವ ಸ್ವಭಾವ. ಮೈಮೇಲೆ ಬರುವುದು, ಕನಸಿನಲ್ಲಿ ಬಂದು ಹೇಳುವುದು, ಸತ್ತವರ ದನಿ ಕೇಳಿಸುವುದು, ಇಂಥ ಕತೆಗಳನ್ನು ಊರಿನ ನೆಂಟರು ತೆಗೆದರೆ ನಾನು ಎದ್ದು ಬಾಲ್ಕನಿಗೆ ಹೋಗುತ್ತಿದ್ದೆ. "ಇವರಿಗೆ ಎಲ್ಲದಕ್ಕೂ ಪುರಾವೆ ಬೇಕು, ತಾಳಿ ಕಟ್ಟಿದ್ದನ್ನೂ ಫೋಟೊ ನೋಡಿ ಖಾತ್ರಿ ಮಾಡಿಕೊಳ್ತಾರೆ" ಎಂದು ನನ್ನ ಹೆಂಡತಿ ವಿಮಲೆ ಅವರೆದುರೇ ತಮಾಷೆ ಮಾಡುವುದಿತ್ತು. ಈಗ ಬರೆಯಹೊರಟ ಸಂಗತಿಗೆ ಪುರಾವೆ ಇದೆ, ನನ್ನ ಮೊಬೈಲಿನಲ್ಲೇ ಇದೆ. ಇದ್ದೂ ಪ್ರಯೋಜನವಿಲ್ಲ ಎಂಬುದೇ ನನ್ನ ಸಿಟ್ಟು. ಓದಿದ ಮೇಲೆ ನೀವು ನನ್ನನ್ನು ಏನೆಂದುಕೊಂಡರೂ ಸರಿ. ನಿಮಗೇನಾದರೂ ಹೊಳೆದರೆ ತಿಳಿಸಿ, ನನಗಂತೂ ಸಾಕಾಗಿ ಹೋಗಿದೆ.

ಎಲ್ಲಕ್ಕೂ ಮೂಲ ಒಬ್ಬ ಫ್ರೆಂಚ್ ಮಾರ್ಕ್ವಿ. ಮಾರ್ಕ್ವಿ ಎಂಬುದು ಅಲ್ಲಿಯ ದೊಡ್ಡ ಮನೆತನದವರ ಬಿರುದು, ನಮ್ಮಲ್ಲಿ ಬಲ್ಲಾಳರು, ದೇಸಾಯರು ಎನ್ನುವ ಹಾಗೆ. ಅವನ ಪೂರ್ತಿ ಹೆಸರು ಹೇಳಿದರೆ ನಾಲಗೆ ತಿರುಚಿಕೊಳ್ಳುತ್ತದೆ. ಇಲ್ಲಿ ಮಾರ್ಕ್ವಿ ಎಂದರೆ ಸಾಕು. ಮುನ್ನೂರು ಚಿಲ್ಲರೆ ವರ್ಷಗಳ ಹಿಂದಿನವನು. ಮನೆಯ ಕಿರಿಯ ಮಗ. ಮೀಸೆ ಮೂಡುವ ಮೊದಲೇ ಅಪ್ಪ ಅವನಿಗೆ ಸೈನ್ಯದಲ್ಲಿ ಒಂದು ತುಕಡಿಯ ನಾಯಕತ್ವ ಕೊಡಿಸಿದ. ನಾವಿಲ್ಲಿ ಪಗಡಿಯೆಂದು ಗಂಟು ಹಣ ಕೊಟ್ಟು ಬಾಡಿಗೆ ಖೋಲಿ ಹಿಡಿಯುವ ಹಾಗೆ ಆ ಕಾಲದ ಫ್ರಾನ್ಸಿನಲ್ಲಿ ದುಡ್ಡು ಕೊಟ್ಟು ಸೇನೆಯ ಹುದ್ದೆ ಹಿಡಿಯಬಹುದಿತ್ತು. ಆದರೆ ಹುಡುಗ ಹುದ್ದೆಗೆ ತಕ್ಕವನಾಗಿಯೇ ಬೆಳೆದ. ಮೊದಲ ಮುತ್ತಿಗೆಯಲ್ಲೇ ಎಡಭುಜಕ್ಕೆ ಗುಂಡು ಬಿತ್ತು, ಆಮೇಲೆ ಆ ಕೈ ಭುಜದಿಂದ ಮೇಲೆ ಏಳಲೇ ಇಲ್ಲ. ಕೋಟೆ ಹಿಡಿಯುವುದರಲ್ಲೂ ಉಳಿಸಿಕೊಳ್ಳುವುದರಲ್ಲೂ ಅವನ ಸಮಾನರಿಲ್ಲ ಎಂದು ಹೆಸರಾಯಿತು. ದರಬಾರಿನ ಥಳಕು ಅವನಿಗೆ ಹಿಡಿಸುತ್ತಿರಲಿಲ್ಲ. ಅವನು ಬರೆದ ಕಾಗದಗಳ ತುಂಬ ಸೈನಿಕರ ಬೂಟು, ಬ್ರೆಡ್ಡು, ಒದ್ದೆಯಾದ ಕೋವಿಮದ್ದು, ಇವುಗಳ ಮಾತೇ. ಕೈಕೆಳಗಿನ ಅಧಿಕಾರಿಯೊಬ್ಬ ಒಂದು ಸಣ್ಣ ಠಾಣೆಯನ್ನು ಬೇಗ ಬಿಟ್ಟುಕೊಟ್ಟನೆಂದು ಅವನನ್ನು ವಿಚಾರಣೆಗೆ ಎಳೆದು ಸೈನ್ಯದಿಂದಲೇ ಓಡಿಸಿದಂಥ ಕಟು ಮನುಷ್ಯ.

ಇಂಥವನು ವಯಸ್ಸಾದ ಮೇಲೆ ಗಡಿಯ ಒಂದು ಕೋಟೆಯ ಅಧಿಪತಿಯಾದ. ಶತ್ರು ಬಂದು ಮುತ್ತಿಗೆ ಹಾಕಿದ. ಆಗಿನ ರಿವಾಜು ಹೀಗಿತ್ತು: ಗೋಡೆ ಒಡೆದು ಇನ್ನು ತಡೆಯಲಾಗದು ಎಂದಾದಾಗ ಕೋಟೆಯವರು ನಗಾರಿ ಬಾರಿಸುತ್ತಿದ್ದರು, ಮಾತುಕತೆಯಾಗಿ ಮರ್ಯಾದೆಯಿಂದ ಹೊರಗೆ ಬರುತ್ತಿದ್ದರು. ಅದರಲ್ಲಿ ಅವಮಾನವೇನೂ ಇರಲಿಲ್ಲ. ಆದರೆ ಮಾರ್ಕ್ವಿಯ ಕೋಟೆಗೋಡೆಯಲ್ಲಿ ಬಿರುಕೂ ಬಿಟ್ಟಿರಲಿಲ್ಲ. ಹಿಟ್ಟಿತ್ತು, ಮದ್ದಿತ್ತು, ನೆರವಿನ ಸೈನ್ಯ ಹತ್ತಿರ ಬಂದಿತ್ತು, ಬಂದದ್ದು ಅವನಿಗೆ ಗೊತ್ತೂ ಇತ್ತು. ಒಂದು ಮಧ್ಯಾಹ್ನ ನಗಾರಿ ಬಾರಿಸದೆ, ಯಾರನ್ನೂ ಕೇಳದೆ, ಬಾಗಿಲು ತೆರೆಸಿ, ಬರಿತಲೆಯಲ್ಲಿ ಒಬ್ಬನೇ ನಡೆದು ಹೊರಗೆ ಬಂದ. ರಾಜ ಅವನನ್ನು ಸೆರೆಯಲ್ಲಿಟ್ಟ. ಮಂತ್ರಿಗಳು ಕೂತು ಕೇಳಿದರೆ "ಅದಕ್ಕೆ ನನ್ನಲ್ಲಿ ಹೇಳುವಂಥದ್ದಿಲ್ಲ" ಎಂದನಂತೆ. ಕೆಲವು ವರ್ಷಗಳಾದ ಮೇಲೆ ಬಿಟ್ಟರು. ಹಳ್ಳಿಯ ಮನೆಗೆ ಹೋಗಿ ನಾಶಪಾತಿ ಮರ ಬೆಳೆಸಿಕೊಂಡು ಇದ್ದ, ಮುದುಕನಾಗಿ ಸತ್ತ. ಬಾಗಿಲು ಯಾಕೆ ತೆರೆದೆ ಎಂಬುದನ್ನು ಹೆಂಡತಿಗೂ ಹೇಳಲಿಲ್ಲ, ಪಾದ್ರಿಗೂ ಹೇಳಲಿಲ್ಲ.

ನಾನು ಅವನ ಬೆನ್ನು ಹತ್ತಿದ್ದು ಒಬ್ಬಳು ವಿದ್ಯಾರ್ಥಿನಿಯಿಂದ. ಯಾವುದೋ ಪಾಠದ ನಡುವೆ ಅರ್ಧ ವಾಕ್ಯದಲ್ಲಿ ಈ ಸಂಗತಿ ಹೇಳಿ ಮುಂದಕ್ಕೆ ಹೋಗುತ್ತಿದ್ದೆ. ಹಿಂದಿನ ಬೆಂಚಿನಲ್ಲಿದ್ದವಳು ಕೈ ಎತ್ತಿ, "ಲೇಕಿನ್ ಕ್ಯೂಂ, ಸರ್?" ಎಂದಳು. ಮುಂದಿನ ಕ್ಲಾಸಿನಲ್ಲಿ ಹೇಳುತ್ತೇನೆ ಅಂದೆ. ಅವಳು ಪಾಸಾಗಿ, ಮದುವೆಯಾಗಿ, ಈಗ ಅವಳ ಮಕ್ಕಳೇ ಕಾಲೇಜಿಗೆ ಹೋಗುತ್ತಿರಬೇಕು. ಆ ಮುಂದಿನ ಕ್ಲಾಸು ಇನ್ನೂ ಬಂದಿಲ್ಲ.

ಈ ಒಂದು 'ಕ್ಯೂಂ'ಗಾಗಿ, ಒಂದು 'ಯಾಕೆ'ಗಾಗಿ, ನಾನು ಏನೆಲ್ಲ ಮಾಡಿದೆ! ಮಕ್ಕಳ ವಯಸ್ಸಿನವರ ಜೊತೆ ಸಂಜೆ ಕ್ಲಾಸಿನಲ್ಲಿ ಕೂತು ಫ್ರೆಂಚ್ ಕಲಿತೆ. ಅಲ್ಲಿಯ ಗ್ರಂಥಾಲಯಗಳಿಗೆ ಬರೆದು ಬರೆದು ಅವರೂ ಬೇಸತ್ತರು. ಲಂಚ ತಿಂದಿರಬಹುದು ಎಂದು ನೋಡಿದೆ, ತಿಂದಿರಲಿಲ್ಲ. ಹೆದರಿದನೇ? ಅವನು ಹೆದರುವ ಜಾತಿಯಲ್ಲ. ಕಾಯಿಲೆಯೇ? ಆ ವಾರವೂ ಕುದುರೆ ಹತ್ತಿ ಗೋಡೆ ಸುತ್ತಿದ್ದ. ಹೆಣ್ಣಿನ ವಿಷಯವಿರಬಹುದು ಎಂದು ಕೆಲವರು ಗಾಳಿಯಲ್ಲಿ ಗುಂಡು ಹಾರಿಸಿದ್ದಾರೆ, ಅದಕ್ಕೂ ಬುಡವಿಲ್ಲ. ನಿವೃತ್ತನಾದ ಮೇಲೆ ಕನ್ನಡದಲ್ಲಿ ಅವನ ಜೀವನಚರಿತ್ರೆ ಬರೆಯಲು ಕೂತೆ. ಎಲ್ಲ ಅಧ್ಯಾಯವೂ ಆಯಿತು, ಬಾಗಿಲು ತೆರೆದ ಅಧ್ಯಾಯ ಒಂದು ಬಿಟ್ಟು. "ಕಾರಣ ಸಿಕ್ಕಿಲ್ಲ ಅಂತ ಬರೆದು ಮುಗಿಸಿಬಿಡಿ ಸಾರ್" ಎಂದು ಪ್ರಕಾಶಕರು ಫೋನು ಮಾಡುತ್ತಿದ್ದರು. ಇಷ್ಟು ದಪ್ಪ ಪುಸ್ತಕ ಓದಿಸಿ ಕೊನೆಗೆ ಗೊತ್ತಿಲ್ಲ ಎನ್ನುವುದೆಂದರೆ ಊಟಕ್ಕೆ ಕರೆದು, ಎಲೆ ಹಾಕಿ, ಅನ್ನವಾಗಿಲ್ಲ ಎಂದ ಹಾಗೆ. ನನಗೆ ಮಾರ್ಕ್ವಿಯ ಮೇಲೆಯೇ ಕೋಪ ಬರುತ್ತಿತ್ತು. ಬೂಟಿನ ಹೊಲಿಗೆಯ ಬಗ್ಗೆ ಪುಟಗಟ್ಟಲೆ ಬರೆದ ಮಹಾರಾಯ ಇದರ ಬಗ್ಗೆ ಒಂದು ಸಾಲು ಗೀಚಬಾರದಿತ್ತೇ?

ನನ್ನ ಇನ್ನೊಂದು ಹುಚ್ಚು ತಾಳಮದ್ದಳೆ. ನಮ್ಮ ಹಿರಿಯರು ಉಡುಪಿ ಕಡೆಯವರು. ಅಪ್ಪ ವಿಕ್ರೋಳಿಯ ಕಾರ್ಖಾನೆ ಸೇರಿದ ಮೇಲೆ ನಾವು ಇಲ್ಲಿಯವರೇ ಆದೆವು. ಚೆಂಬೂರಿನಲ್ಲಿ ಸದಾಶಿವ ಶೆಟ್ಟರೆಂಬವರ ಹೋಟೆಲಿದೆ. ಅದರ ಮಾಳಿಗೆಯ ಹಾಲ್‌ನಲ್ಲಿ ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ನಮ್ಮ ಕೂಟ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಪಂಚೆ ಉಟ್ಟು ಶಾಲು ಹೊದ್ದು ಎದುರು ಬದುರು ಕೂತು ಪಾತ್ರವೇ ತಾವಾಗಿ ಮಾತಿಗೆ ಮಾತು ಬೆಳೆಸುತ್ತಾರೆ. ಬರೆದು ತಂದು ಓದುವಂತಿಲ್ಲ, ಆ ಕ್ಷಣಕ್ಕೆ ಹುಟ್ಟಿದ್ದೇ ಅರ್ಥ. ಶೆಟ್ಟರು ಇದರಲ್ಲಿ ಪಳಗಿದ ಕೈ. ಹೋಟೆಲಿನ ಗಲ್ಲಾದಲ್ಲಿ ಕೂತರೂ ಅವರ ತುಟಿ ಯಾವುದೋ ಪಾತ್ರದ ಮಾತು ಮಣಮಣ ಹೇಳುತ್ತಲೇ ಇರುತ್ತಿತ್ತು. ನಾನು ದೂತ, ಸಾರಥಿ, ಇಂಥ ಚಿಲ್ಲರೆ ಪಾತ್ರಗಳ ಗಿರಾಕಿ.

ಒಂದು ದಿನ ಶೆಟ್ಟರೇ ಎತ್ತಿದರು. "ನಿಮ್ಮ ಆ ಮಾರ್ಕ್ವಿಯನ್ನು ಒಂದು ಸರ್ತಿ ಇಲ್ಲಿ ಕೂರಿಸುವ ಮಾರಾಯ್ರೆ. ನಾನು ರಾಜನ ಮಂತ್ರಿ, ನೀವೇ ಮಾರ್ಕ್ವಿ. ಹೇಳಿದ್ದೇ ಪ್ರಸಂಗ ಎಷ್ಟು ಸರ್ತಿ ಹೇಳುದು?" ತಮಾಷೆ ಎಂದುಕೊಂಡೆ. ಆದರೆ ಭಾಗವತರು ನಾಲ್ಕೆಂಟು ಪದ್ಯ ಕಟ್ಟಿಯೇಬಿಟ್ಟರು. ಮಾರ್ಕ್ವಿಯ ಹೆಸರು ತಾಳಕ್ಕೆ ಕೂರದೆ ಅವನು 'ದುರ್ಗಾಧಿಪ'ನಾದ. ಪರಂಗಿಯವನಿಗೆ ಎಂತದ್ದು ತಾಳಮದ್ದಳೆ ಎಂದು ಒಬ್ಬಿಬ್ಬರು ಹಿರಿಯರು ಗೊಣಗಿದರು, ಶೆಟ್ಟರು ಅವರಿಗೆಲ್ಲ ಕಾಫಿ ಕುಡಿಸಿ ಬಾಯಿ ಮುಚ್ಚಿಸಿದರು.

ಕೂಟಕ್ಕೆ ಮೊದಲು ಎದುರು ಬದುರಾಗುವ ಇಬ್ಬರು ಕೂತು, ಪ್ರಸಂಗ ಎಲ್ಲಿಂದ ಎಲ್ಲಿಗೆ ಎಂದು ಮಾತಾಡಿಕೊಳ್ಳುವ ಪದ್ಧತಿಯುಂಟು. ಮಾರ್ಕ್ವಿಯ ಜೀವನವನ್ನು ನಾನು ಶೆಟ್ಟರಿಗೆ ಉದ್ದಕ್ಕೂ ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳಿ, "ಕೊನೆಗೆ ನಾನು ಕೇಳುದು ಒಂದೇ, ಬಾಗಿಲು ಯಾಕೆ ತೆಗೆದೆ ಅಂತ. ನೀವು ಎಂತ ಬೇಕಾದ್ರೂ ಹೇಳಿ. ಆದ್ರೆ ನಾನು ಸುಲಭದಲ್ಲಿ ಬಿಡುದಿಲ್ಲ, ಈಗಲೇ ಹೇಳಿದ್ದೇನೆ" ಎಂದರು. ನಾನು ಒಂದು ಉತ್ತರ ಹೊಸೆದುಕೊಂಡೆ: ಊರಿನ ಹೆಂಗಸರು ಮಕ್ಕಳ ಮೇಲಿನ ಕರುಣೆ. ಅದು ಸುಳ್ಳು ಎಂದು ನನಗೆ ಗೊತ್ತು, ಮುತ್ತಿಗೆಗೆ ಮೊದಲೇ ಮಾರ್ಕ್ವಿ ಅವರನ್ನೆಲ್ಲ ಹೊರಗೆ ಕಳಿಸಿದ್ದ. ಆದರೆ ಕಣ್ಣೀರು ತರಿಸುವ ಉತ್ತರ. ಇದೇನು ಪುಸ್ತಕವೇ, ಮಧ್ಯಾಹ್ನದ ಮನರಂಜನೆ ತಾನೆ ಎಂದು ಸಮಾಧಾನ ಮಾಡಿಕೊಂಡೆ.

ಆ ಭಾನುವಾರ ಹಾಲ್ ತಕ್ಕಮಟ್ಟಿಗೆ ತುಂಬಿತ್ತು. ವಿಮಲೆ ಮುಂದಿನ ಸಾಲಿನಲ್ಲಿ ಕೂತಿದ್ದಳು. ನಮ್ಮ ಬಿಲ್ಡಿಂಗಿನ ಪಾಟೀಲರೂ ಬಂದಿದ್ದರು. ಅವರು ಬೆಳಗಾವಿ ಕಡೆಯವರು, ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ತಾಳಮದ್ದಳೆಯ ಗಂಧ ಅಷ್ಟಕ್ಕಷ್ಟೇ, ಶೆಟ್ಟರ ಹೋಟೆಲಿನ ಬನ್ಸಿನ ಆಸೆಗೆ ನನ್ನ ಜೊತೆ ಹೊರಡುತ್ತಿದ್ದರು. ಕೂಟದ ಕಾರ್ಯದರ್ಶಿ ಪ್ರಭಾಕರ, ವಾಟ್ಸಾಪ್ ಗುಂಪಿಗೆ ಹಾಕಲೆಂದು ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ನಮ್ಮೆದುರು ನಿಲ್ಲಿಸಿದ.

ಮೊದಲರ್ಧ ಚೆನ್ನಾಗಿಯೇ ಹೋಯಿತು. ಮಾರ್ಕ್ವಿಯ ಬಾಲ್ಯ, ಮೊದಲ ಗಾಯ, ಗೆದ್ದ ಕೋಟೆಗಳು ಎಲ್ಲ ನನ್ನ ನಾಲಗೆಯ ತುದಿಯಲ್ಲೇ ಇದ್ದವು. ಸೈನಿಕರ ಬೂಟಿನ ಮಾತಿಗೆ ಜನ ನಕ್ಕರು ಕೂಡ. ಆಮೇಲೆ ಭಾಗವತರು ಕೊನೆಯ ಪದ್ಯ ಎತ್ತಿಕೊಂಡರು, ಮದ್ದಳೆ ನಿಂತಿತು, ಶೆಟ್ಟರು ಶಾಲು ಸರಿ ಮಾಡಿಕೊಂಡು ನನ್ನತ್ತ ತಿರುಗಿದರು.

"ದುರ್ಗಾಧಿಪ, ಪ್ರಜೆಗಳ ಮೇಲಿನ ಕರುಣೆಯೆಂದು ಹೇಳಬೇಡ. ನಿನ್ನ ಊರಿನ ಹೆಂಗಸರನ್ನೂ ಮಕ್ಕಳನ್ನೂ ನೀನೇ ಮೊದಲು ಹೊರಗೆ ಕಳಿಸಿದ್ದೆ. ಪ್ರಾಣಭಯವೆಂದು ಹೇಳಬೇಡ, ನಿನ್ನ ಎಡಭುಜ ಅದನ್ನು ಸುಳ್ಳೆನ್ನುತ್ತದೆ. ರಾಜನ ಮೇಲಿನ ಮುನಿಸೆಂದೂ ಹೇಳಬೇಡ, ಇಂದಿಗೂ ನೀನು ಅವನ ಹೆಸರು ಬಂದರೆ ಎದ್ದು ನಿಲ್ಲುತ್ತೀ. ಇದೇ ತಪ್ಪು ಮಾಡಿದ ಇನ್ನೊಬ್ಬನನ್ನು ಕ್ಷಮಿಸದವನು ನೀನು. ಹಾಗಾದರೆ ಬಾಗಿಲು ತೆರೆದದ್ದು ಯಾಕೆ?"

ನಾನು ಹೊಸೆದಿಟ್ಟುಕೊಂಡಿದ್ದ ಉತ್ತರವನ್ನು ಅವರು ಮೊದಲ ಏಟಿಗೇ ಕತ್ತರಿಸಿ ಹಾಕಿದ್ದರು. ನಾನೇ ಚೂರಿ ಕೊಟ್ಟು ಚುಚ್ಚಿಸಿಕೊಂಡಂತಾಯಿತು. ಬಾಯಿ ತೆರೆಯಲು ನೋಡಿದೆ, ಆಗಲಿಲ್ಲ. ಇಲ್ಲಿಂದ ಮುಂದಿನದು ನನಗೆ ಸ್ಪಷ್ಟವಾಗಿ ನೆನಪಿದೆ, ಮಂಪರು ಕವಿಯಲಿಲ್ಲ, ಮೈ ನಡುಗಲಿಲ್ಲ, ಯಾವನೂ ನನ್ನ ಮೈಯೊಳಗೆ ಬರಲಿಲ್ಲ. ನಾನು ಸುಮ್ಮನೆ ಕೂತಿದ್ದೆ. ಫ್ಯಾನಿನ ಕಟಕಟ ಸದ್ದು, ಕೆಳಗೆ ಅಡುಗೆಮನೆಯಲ್ಲಿ ಯಾರೋ ಪಾತ್ರೆ ಎಳೆದ ಸದ್ದು ಕೇಳುತ್ತಿತ್ತು. ಏನಾದರೂ ಹೇಳು, ಏನಾದರೂ ಹೇಳು ಎಂದು ಮನಸ್ಸು ಚೀರುತ್ತಿತ್ತು. ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು. ಇಷ್ಟು ವರ್ಷ ಇವನ ಹಿಂದೆ ತಿರುಗಿ ಒಂದು ಸುಳ್ಳು ಹೇಳುವ ಯೋಗ್ಯತೆಯೂ ನನಗಿಲ್ಲವಲ್ಲ ಎಂದು ನನ್ನನ್ನೇ ಬೈದುಕೊಂಡೆ. ಒಂದು ಲೋಟ ಕಾಫಿ ಕುಡಿದು ಮುಗಿಸುವಷ್ಟು ಹೊತ್ತು ಹೀಗೇ ಹೋಗಿರಬೇಕು.

ಕತ್ತೆತ್ತಿ ನೋಡಿದರೆ ಮುಂದಿನ ಸಾಲಿನಲ್ಲಿ ವಿಮಲೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಪಾಟೀಲರು ಮುಂದಕ್ಕೆ ಬಾಗಿ ಬಾಯಿ ತೆರೆದುಕೊಂಡು ಕೂತಿದ್ದರು. ಮದ್ದಳೆಯವರು ತಲೆ ತಗ್ಗಿಸಿದ್ದರು. ಗೊಣಗಿದ್ದ ಹಿರಿಯರಲ್ಲೊಬ್ಬರು "ಅಯ್ಯೋ ದೇವರೇ" ಎಂದರು. ಶೆಟ್ಟರು ಬಹಳ ಹೊತ್ತು ನನ್ನನ್ನೇ ನೋಡಿ ಕೈ ಜೋಡಿಸಿದರು. "ದುರ್ಗಾಧಿಪ, ಇದರ ಮೇಲೆ ನನಗೆ ಮಾತಿಲ್ಲ. ರಾಜನಿಗೂ ಇರುವುದಿಲ್ಲ" ಎಂದು ಭಾಗವತರಿಗೆ ಸನ್ನೆ ಮಾಡಿದರು. ಮಂಗಳವೂ ಆಗಿಹೋಯಿತು.

ಮಾತು ಬಾರದೆ ಕೂತವನ ಮಾನ ಉಳಿಸಲು ಇಷ್ಟೆಲ್ಲ ಮಾಡಿದರು ಎಂದುಕೊಂಡೆ. ಕೃತಜ್ಞತೆಯಿಂದ ಶೆಟ್ಟರ ಕೈ ಹಿಡಿದು, "ಮರ್ಯಾದೆ ಉಳಿಸಿದ್ರಿ ಶೆಟ್ರೇ" ಅಂದೆ.

"ಎಂತ ಮಾರಾಯ್ರೆ, ತಮಾಷೆ ಮಾಡ್ತೀರಾ? ನನ್ನ ಬಾಯಿ ಹೀಗೆ ಯಾರೂ ಮುಚ್ಚಿಸಿದ್ದಿಲ್ಲ. ಇಷ್ಟು ದಿನ ಈ ಅರ್ಥ ಎಲ್ಲಿ ಅಡಗಿಸಿ ಇಟ್ಟಿದ್ರಿ ನೀವು?" ಎಂದರು ಶೆಟ್ಟರು. ಅವರ ಕಣ್ಣು ಇನ್ನೂ ಒದ್ದೆಯಿತ್ತು.

ವಿಕ್ರೋಳಿಗೆ ರಿಕ್ಷಾದಲ್ಲಿ ವಾಪಸು ಬರುವಾಗ, ಸಿಗ್ನಲಿನಲ್ಲಿ ನಿಂತಿದ್ದಾಗ ವಿಮಲೆ ನನ್ನ ಕೈ ಮೇಲೆ ಕೈ ಇಟ್ಟು, "ಪುಸ್ತಕ ಇನ್ನು ಮುಗೀತು ಬಿಡಿ. ಉತ್ತರ ಸಿಕ್ಕಿದ್ದನ್ನು ನನಗೆ ಮೊದಲೇ ಹೇಳಬಾರದಿತ್ತಾ?" ಎಂದಳು.

"ಯಾವ ಉತ್ತರ?" ಎಂದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿ ಮುಖ ಆಚೆ ತಿರುಗಿಸಿದಳು. ತಾನು ಅತ್ತದ್ದನ್ನು ನಾನು ಗೇಲಿ ಮಾಡುತ್ತಿದ್ದೇನೆ ಎಂದು ಅವಳಿಗೆ ಅನಿಸಿತಂತೆ.

ಸಂಜೆಗೆ ಪ್ರಭಾಕರ ವಿಡಿಯೊ ಕಳಿಸಿದ. ಅದರಲ್ಲಿ ಎಲ್ಲವೂ ಇದೆ. ಶೆಟ್ಟರ ಪ್ರಶ್ನೆ ಸ್ಫುಟವಾಗಿ ಕೇಳುತ್ತದೆ. ಆಮೇಲೆ ನಾನು ಕೂತಿದ್ದೇನೆ, ತುಟಿ ಬಿಗಿದುಕೊಂಡು, ಸೋತ ಮುಖ ಹೊತ್ತು. ಫ್ಯಾನಿನ ಸದ್ದಿದೆ, ಪಾತ್ರೆಯ ಸದ್ದಿದೆ, ಯಾರೋ ಮೂಗೊರೆಸಿಕೊಂಡ ಸದ್ದೂ ಇದೆ. ನನ್ನ ದನಿ ಮಾತ್ರ ಇಲ್ಲ, ನನ್ನ ತುಟಿ ಒಮ್ಮೆಯೂ ಅಲುಗುವುದಿಲ್ಲ. ನನ್ನ ನೆನಪು ಸರಿ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕೇ? ಆದರೆ ಶೆಟ್ಟರ ಮುಖ ನೋಡಬೇಕು ನೀವು. ಎದುರಿನವನ ಮಾತನ್ನು ಹಿಡಿದು ಹಿಡಿದು ಕೇಳುವವರ ಹಾಗೆ ಅವರು ಅಲ್ಲಲ್ಲಿ ತಲೆಯಾಡಿಸುತ್ತಾರೆ, ಒಂದು ಕಡೆ ಆಕ್ಷೇಪಿಸಲು ಕೈ ಎತ್ತಿ, ಮತ್ತೆ ಇಳಿಸುತ್ತಾರೆ.

ಮರುದಿನವೇ ಚೆಂಬೂರಿಗೆ ಓಡಿದೆ. ಶೆಟ್ಟರು ಕನ್ನಡಕ ಏರಿಸಿ ಪೂರ್ತಿ ನೋಡಿದರು. "ಮೈಕ್ ಕೈ ಕೊಟ್ಟಿದೆ" ಎಂದರು.

"ಫ್ಯಾನಿನ ಸದ್ದು ಕೇಳ್ತದಲ್ಲ ಶೆಟ್ರೇ?"

"ಫ್ಯಾನು ಹತ್ತಿರ ಉಂಟು."

"ನನ್ನ ತುಟಿ ನೋಡಿ. ಅಲುಗ್ತದಾ?"

"ನೀವು ಯಾವಾಗ ಬಾಯಿ ಬಿಟ್ಟು ಮಾತಾಡಿದ್ದುಂಟು? ನಿಮ್ಮದು ಮೊದಲಿಂದಲೂ ಹಾಗೇ" ಎಂದು ನಕ್ಕು ಬನ್ಸ್ ತರಿಸಿದರು. ಹೋಗಲಿ, ನಾನು ಹೇಳಿದ್ದೇನು, ಅದಾದರೂ ಹೇಳಿ ಎಂದು ಅಂಗಲಾಚಿದೆ. ಅವರು ಗಂಭೀರವಾದರು. "ಇನ್ನೊಬ್ಬನ ಅರ್ಥವನ್ನು ನನ್ನ ಬಾಯಲ್ಲಿ ಹೇಳುವ ಚಾಳಿ ನನಗಿಲ್ಲ. ನೀವು ಹೇಳಿದ್ದು ನಿಮ್ಮದೇ. ನಾನು ಹೇಳಿದ್ರೆ ಅದು ಸೊಟ್ಟ ಆಗ್ತದೆ, ಕದ್ದ ಹಾಗೂ ಆಗ್ತದೆ."

ನಮ್ಮ ಅರ್ಥಧಾರಿಗಳಲ್ಲಿ ಈ ಮರ್ಯಾದೆ ಇರುವುದು ನಿಜ. ಆದರೆ ಆ ಹೊತ್ತಿಗೆ ನನಗೆ ಅವರ ಮರ್ಯಾದೆಗೆ ಬೆಂಕಿ ಹಾಕಬೇಕೆನಿಸಿತು.

ಅಂದು ಬಂದಿದ್ದ ಒಬ್ಬೊಬ್ಬರನ್ನೂ ಹುಡುಕಿಕೊಂಡು ಹೋದೆ. ಚರಿತ್ರೆಯವನ ಬುದ್ಧಿ, ಸಾಕ್ಷಿಗಳನ್ನು ಬೇರೆ ಬೇರೆಯಾಗಿ ಕೇಳಬೇಕು ತಾನೆ. ಅಲ್ಲೊಂದು ಹೊಸ ಪೀಕಲಾಟ. ಅಂದು ನಾನೇನು ಹೇಳಿದೆ ಎಂದು ಕೇಳಿದರೆ, ಹೊಗಳಿಸಿಕೊಳ್ಳಲು ಬಂದಿದ್ದೇನೆ ಎಂದುಕೊಂಡು ಹೊಗಳಲು ಶುರು ಮಾಡುತ್ತಿದ್ದರು. ಪಾಟೀಲರಂತೂ, "ಏನ್ ಮಾತಾಡಿದ್ರಿ ಸರ! ನನಗ ತಾಳಮದ್ದಳಿ ತಿಳಿಯೂದುಲ್ರಿ, ಆದ್ರ ಮೈ ಮ್ಯಾಲಿನ ಕೂದಲಾ ಎದ್ದ ನಿಂತಾವ ನೋಡ್ರಿ. ಆ ಬಾಂವಿ ಮಾತ ಬಂತಲ್ರೀ, ಅಲ್ಲಿಗೆ ನಾ ಖಲಾಸ್" ಎಂದರು.

"ಯಾವ ಬಾವಿ ಪಾಟೀಲರೇ?"

"ನೀವ ಹೇಳಿದ್ದು ನನಗ್ಯಾಕ ಕೇಳ್ತೀರಿ? ಮುದಕನ್ನ ಸತಾಯಿಸಬ್ಯಾಡ್ರಿ" ಎಂದು ಬೆನ್ನು ತಟ್ಟಿ ಹೋದರು.

ಬಾವಿ! ನನ್ನ ಯಾವ ಕಾಗದದಲ್ಲೂ ಬಾವಿಯಿಲ್ಲ. ಮನೆಗೆ ಬಂದು ಏನೂ ಸುಳಿವು ಕೊಡದೆ ವಿಮಲೆಯನ್ನು ಕೇಳಿದೆ, ನಾನು ಎಲ್ಲಿಂದ ಶುರು ಮಾಡಿದೆ ಎಂದು. "ಬಾವಿಯಿಂದ" ಎಂದಳು, ಹುರುಳಿಕಾಯಿ ಮುರಿಯುತ್ತ. ಒಂದೇ ಬಿಲ್ಡಿಂಗಿನವರು, ಮಾತಾಡಿಕೊಂಡಿರಬಹುದು ಎಂದು ಸಮಾಧಾನ ತಂದುಕೊಂಡೆ. ಆದರೆ ದೂರದ ಉಪನಗರದಲ್ಲಿರುವ ಭಾಗವತರಿಗೆ ಫೋನು ಮಾಡಿದರೆ ಅವರೂ, "ಆ ಬಾವಿಯ ವಿಷಯಕ್ಕೆ ನಾನೊಂದು ಪದ್ಯ ಕಟ್ಟಬೇಕು ಅಂತಿದ್ದೇನೆ, ಆಗ್ತಾ ಇಲ್ಲ" ಎಂದರು.

ವಿಮಲೆ ಮಾತ್ರ ನನ್ನ ಅವಸ್ಥೆ ನೋಡಿ ಪ್ರಾಮಾಣಿಕವಾಗಿ ಪ್ರಯತ್ನಿಸಿದಳು. ನಾನು ಪೆನ್ನು ಹಿಡಿದು ಕೂತೆ. "ಕೋಟೆಯೊಳಗೆ ಒಂದು ಬಾವಿ ಇತ್ತು ಅಂದಿರಿ. ಆಮೇಲೆ..." ಎಂದು ನಿಲ್ಲಿಸಿದಳು. ಮತ್ತೆ ಅಲ್ಲಿಂದಲೇ ಶುರು ಮಾಡಿ ಅಲ್ಲೇ ನಿಲ್ಲಿಸಿದಳು. "ಮರೆತಿಲ್ಲ ಮಾರಾಯ್ರೆ, ನೆನಪುಂಟು. ಆದರೆ ಹೇಳಹೋದರೆ ಅದಲ್ಲ ಅಂತ ಅನಿಸ್ತದೆ. ನೀವು ಹೇಳಿದಾಗ ಎಷ್ಟು ಸರಳವಾಗಿತ್ತು! ನಾನಾದರೂ ಹಾಗೇ ಮಾಡ್ತಿದ್ದೆ ಅಂತ ಅನಿಸಿಬಿಟ್ಟಿತು" ಎಂದಳು. ನಾನು ಪೆನ್ನು ಎಸೆದು ಎದ್ದೆ. ಆ ದಿನ ನಾನವಳ ಮೇಲೆ ಕೂಗಾಡಿದ್ದು ನೆರೆಮನೆಯವರಿಗೂ ಕೇಳಿರಬೇಕು. ನನ್ನ ಮನೆಯಲ್ಲೇ, ನನ್ನ ಪಕ್ಕದ ದಿಂಬಿನ ಮೇಲೆಯೇ ಆ ಉತ್ತರ ಮಲಗಿದೆ, ನನಗೆ ಸಿಗುವುದಿಲ್ಲ ಎಂದರೆ ಹೇಗಾಗಬೇಡ?

ಆ ಫ್ರೆಂಚ್ ಊರಿನ ಸಂಶೋಧಕರೊಬ್ಬರಿಗೆ ಇಮೇಲ್ ಮಾಡಿ, ಕೋಟೆಯೊಳಗೆ ಬಾವಿ ಇತ್ತೇ ಎಂದು ಕೇಳಿದೆ. ಇದ್ದಿರಬಹುದು, ಎಲ್ಲ ಕೋಟೆಗಳಲ್ಲೂ ಇರುತ್ತಿತ್ತು, ಈಗ ಕೋಟೆಯೇ ಇಲ್ಲ, ಅಲ್ಲಿ ರಸ್ತೆಯೂ ಪಾರ್ಕಿಂಗ್ ಜಾಗವೂ ಆಗಿದೆ ಎಂದು ಉತ್ತರ ಬಂತು. ಬಾವಿಯನ್ನು ನನ್ನ ಪುಸ್ತಕದಲ್ಲಿ ಸೇರಿಸಲೇ? ಅಡಿಟಿಪ್ಪಣಿಯಲ್ಲಿ ಆಧಾರ ಎಂದು ಏನು ಬರೆಯಲಿ, ನಾನು ಆಡದ ಮಾತು ಎಂದೇ?

ಮರುವರ್ಷ ಶೆಟ್ಟರು ಹಾಸಿಗೆ ಹಿಡಿದರು. ಆಸ್ಪತ್ರೆಗೆ ನೋಡಲು ಹೋದಾಗ ಅವರು ಅರ್ಧ ಆಗಿದ್ದರು. ಕೇಳಬಾರದು, ಕೇಳಬಾರದು ಎಂದುಕೊಂಡೇ ಹೋಗಿದ್ದೆ. ಆದರೆ ನನ್ನ ಮುಖ ನೋಡಿಯೇ ಅವರಿಗೆ ಗೊತ್ತಾಯಿತು.

"ಇನ್ನೂ ಅದೇ ಕೇಳ್ಲಿಕ್ಕೆ ಬಂದದ್ದಲ್ವಾ ನೀವು?" ಎಂದು ನಕ್ಕರು. ಆಮೇಲೆ ನನ್ನ ಕೈ ಹಿಡಿದುಕೊಂಡು, "ನಾನೀಗ ಅದನ್ನೇ ನೆನೆಸಿಕೊಂಡು ಮಲಗಿದ್ದೇನೆ ಮಾರಾಯ್ರೆ. ಹೆದರಿಕೆ ಹೋಯ್ತು. ನಿಮ್ಮ ಉಪಕಾರ ದೊಡ್ಡದು" ಎಂದರು. ಸಾಯುತ್ತಿರುವ ಸ್ನೇಹಿತ ಉಪಕಾರ ಎನ್ನುತ್ತಿದ್ದಾನೆ, ನನಗೋ ಹೊಟ್ಟೆಕಿಚ್ಚು! ನಿಜ ಹೇಳುತ್ತೇನೆ, ಹೊಟ್ಟೆಕಿಚ್ಚೇ ಆಯಿತು. ಅವರು ಒಂದು ವಾರ ಕೂಡ ಬದುಕಲಿಲ್ಲ. ಈಗ ನನಗೂ ಆಗಾಗ ಎದೆ ಹಿಡಿದುಕೊಳ್ಳುತ್ತದೆ, ಗುಳಿಗೆ ನುಂಗುತ್ತೇನೆ. ಅವರಿಗೆ ಸಮಾಧಾನ ಕೊಟ್ಟ ಆ ಮಾತು ನನ್ನಿಂದಲೇ ಬಂದದ್ದಂತೆ, ನನಗೆ ಮಾತ್ರ ಅದರ ಚೂರೂ ದಕ್ಕಲಿಲ್ಲ.

ಕೊನೆಗೆ ಪುಸ್ತಕ ಬಂತು. ಆ ಅಧ್ಯಾಯದಲ್ಲಿ, ಕಾರಣ ತಿಳಿದುಬಂದಿಲ್ಲ ಎಂದೇ ಬರೆದೆ. ಬಾವಿಯ ಮಾತು ಸೇರಿಸಲಿಲ್ಲ. ಒಂದು ಪ್ರತಿಯನ್ನು ಪಾಟೀಲರಿಗೆ ಕೊಟ್ಟಿದ್ದೆ. ಮೊನ್ನೆ ಬೆಳಿಗ್ಗೆ ವಿಕ್ರೋಳಿ ಸ್ಟೇಷನ್ನಿನಲ್ಲಿ ಸಿಕ್ಕಿದರು. ಅವರು ಮಗಳ ಮನೆಗೆ ಹೊರಟಿದ್ದರು, ನಾನು ಔಷಧಿ ತರಲು ಆಚೆ ಕಡೆ ಹೋಗುತ್ತಿದ್ದವನು ಅವರೊಂದಿಗೆ ಪ್ಲಾಟ್‌ಫಾರ್ಮಿನಲ್ಲಿ ನಿಂತೆ.

"ಪುಸ್ತಕ ಪೂರಾ ಓದಿದೆ ಸರ. ಛಲೋ ಬರದೀರಿ" ಎಂದರು. ಆಮೇಲೆ ಸ್ವಲ್ಪ ಬೇಸರದಿಂದ, "ಆದ್ರ ಒಂದ ಮಾತ. ಅವತ್ತ ನೀವ ಹೇಳಿದ್ದನ್ನ ಯಾಕ ಬಿಟ್ರಿ? ಅದ ಇಲ್ಲಾಂದ್ರ ಆ ಮನಷ್ಯಾ ಯಾಕ ಬಾಗಲಾ ತಗದಾ ಅಂತ ಓದೂ ಮಂದಿಗೆ ಹ್ಯಾಂಗ ತಿಳೀಬೇಕು?" ಎಂದು ಕೇಳಿದರು.

ಲೋಕಲ್ ರೈಲು ಬರುತ್ತಿತ್ತು. ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂತು. ನಾನು ಅವತ್ತು ಏನೂ ಹೇಳಲಿಲ್ಲ ಪಾಟೀಲರೇ, ದೇವರಾಣೆ ಏನೂ ಹೇಳಲಿಲ್ಲ ಎಂದು ಹೇಳಬೇಕೆಂದಿದ್ದೆ. ಒಂದಕ್ಷರವೂ ಹೊರಡಲಿಲ್ಲ. ಅವರ ಮುಖವನ್ನೇ ನೋಡುತ್ತ ನಿಂತುಬಿಟ್ಟೆ.

ಪಾಟೀಲರು ಕಿವಿ ನನ್ನ ಕಡೆ ಮಾಡಿ, ಗಮನವಿಟ್ಟು ನಿಂತರು. ಎರಡು ಸಲ ತಲೆಯಾಡಿಸಿದರು. ನೋಡನೋಡುತ್ತಿದ್ದಂತೆ ಅವರ ಕಣ್ಣಲ್ಲಿ ನೀರು ತುಂಬಿತು. "ಹೌದ್ರಿ ಸರ. ಖರೇ ಅದ ನೀವ ಅನ್ನೂದು. ಅದನ್ನ ಪುಸ್ತಕದಾಗ ಹಾಕಬಾರದು" ಎಂದು ನನ್ನ ಕೈ ಒತ್ತಿ, ಲೋಕಲ್ ಹತ್ತಿದರು.

"ಏನ್ರೀ ಹೇಳಿದೆ ನಾನು? ಪಾಟೀಲರೇ, ಏನು ಹೇಳಿದೆ?" ಎಂದು ರೈಲಿನ ಡಬ್ಬಿಯ ಜೊತೆ ಓಡುತ್ತ ಕೂಗಿದೆ. ಅವರು ಬಾಗಿಲಲ್ಲಿ ನಿಂತು ಕೈ ಬೀಸಿದರು, ಗಾಡಿ ಘಾಟ್ಕೋಪರ್ ಕಡೆಗೆ ಹೋಯಿತು. ಪ್ಲಾಟ್‌ಫಾರ್ಮಿನ ಜನ ನನ್ನನ್ನೇ ನೋಡುತ್ತಿದ್ದರು.